‘ನಾವು’ ಅಂದರೆ ಯಾರು?

1923ರಲ್ಲೇ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ಸೇರಿದ್ದು ಅಂತ ನಿರ್ಣಯ ಮಾಡಿತ್ತು. ಕಾಗದದ ಮೇಲೆ ಮಹಾಡದ ಚವದಾರ್ ಕೆರೆ ತೆರೆದೇ ಇತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆಯಲ್ಲಿ ನೀರೆತ್ತಬೇಕಾಯಿತು. ಕುಡಿದು ಬಂದವರಿಗೆ ಹೊಡೆತ ಬಿತ್ತು.

ಈಗಿನ ಕೆರೆ ಇಂಟರ್ನೆಟ್ಟು. ಅದನ್ನು ಬಳಸುವುದು ಕಲಿಕೆಯ ಹಕ್ಕಿಗೆ ಸೇರಿದ್ದು ಎಂದು 2019ರಲ್ಲಿ ಕೇರಳ ಹೈಕೋರ್ಟು ಹೇಳಿತು. ಸಂತೋಷ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: 15ರಿಂದ 49 ವಯಸ್ಸಿನ ಹಳ್ಳಿಗರಲ್ಲಿ ಒಮ್ಮೆಯಾದರೂ ನೆಟ್ ಬಳಸಿದವರು, ಹೆಂಗಸರಲ್ಲಿ ನೂರಕ್ಕೆ 25 ಕೂಡ ಇಲ್ಲ, ಗಂಡಸರಲ್ಲಿ 49ರ ಹತ್ತಿರ. ಈ ಕೆರೆಯ ದಂಡೆಯಲ್ಲಿ ಯಾರೂ ದೊಣ್ಣೆ ಹಿಡಿದು ನಿಂತಿಲ್ಲ. ನಿಲ್ಲುವ ಅಗತ್ಯವೂ ಬಿದ್ದಿಲ್ಲ.

ನೀರು ಕುಡಿದ ನಾವು ಅದರ ರುಚಿಯನ್ನು ಸುಳ್ಳು ಅನ್ನುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ದೌರ್ಜನ್ಯ ತಡೆ ಕಾಯಿದೆಯ ಹಲ್ಲು ಕಿತ್ತಾಗ (ಅದೂ ಮಾರ್ಚ್ 20ರಂದೇ, ಎಂಥಾ ದಿನ ಸಿಕ್ಕಿತು ನೋಡಿ!) ಹುಡುಗರ ಫೋನಿನಿಂದ ಫೋನಿಗೆ ಕರೆ ಹರಿದಾಡಿತು. ಏಪ್ರಿಲ್ 2ಕ್ಕೆ ಭಾರತ ಬಂದ್. ಪಂಜಾಬಿನಲ್ಲಿ ಸರ್ಕಾರ ಮೊಬೈಲ್ ನೆಟ್ಟನ್ನೇ ನಿಲ್ಲಿಸಿತು. ಬೀದಿಯಲ್ಲಿ ಜೀವ ಹೋದವರೂ ಇದ್ದರು. ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿತು.

ಅದೇ ಫೋನು ನಮ್ಮವ್ವನಿಗೆ ಬೇರೆ ಮುಖ ತೋರಿಸಿತು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಹಾಜರಿಗೆ ದಿನಕ್ಕೆರಡು ಸಲ ಫೋಟೋ ತೆಗೆದು ಆಪಿಗೆ ಏರಿಸುವುದು ಕಡ್ಡಾಯವಾಯಿತು. ಅವ್ವ ಬಿಸಿಲಲ್ಲಿ ಮಣ್ಣು ಹೊತ್ತಳು. ಸಿಗ್ನಲ್ ಇಲ್ಲ, ಫೋಟೋ ಏರಲಿಲ್ಲ. ಬೊಬ್ಬೆ ಎದ್ದ ಅಂಗೈ ಚಾಚಿ, “ಇದು ಸಾಕ್ಷಿ ಅಲ್ವೇನ್ಲಾ?” ಅಂದಳು. ಫೋಟೋ ತೆಗೆಯುವ ಹುಡುಗ ತಲೆ ತಗ್ಗಿಸಿದ. ಅವನೂ ನಮ್ಮ ಕೇರಿಯವನೇ, ಪಾಪ.

ಆ ಫೆಬ್ರವರಿಯಲ್ಲಿ ಇದೇ ಆಪಿನ ವಿರುದ್ಧ ಕೂಲಿಕಾರರು ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕೂತರು. ಊರಲ್ಲಿ ನಾವು ಮಾಡಿದ್ದೇನು? ನಮ್ಮ ಫೋನಿನಲ್ಲಿ ಅವ್ವನ ಪರವಾಗಿ ದೂರು ಬರೆದೆವು, ಅದೂ ಇಂಗ್ಲಿಷಿನಲ್ಲಿ. “ನಾನು ಬಂದಿದ್ದೆ ಅಂತ ಬರೀರಿ” ಅಂದಿದ್ದಳು. ನಾವು ಬರೆದದ್ದು ಬರೀ ಕೂಲಿ ಬಾಕಿಯ ಲೆಕ್ಕ.

ನಮ್ಮಜ್ಜನ ಅರ್ಜಿಗಳನ್ನು ಶಾನುಭೋಗರು ಬರೆಯುತ್ತಿದ್ದರು. ಅಜ್ಜ ಹೇಳಿದ್ದೊಂದು, ಕಾಗದದಲ್ಲಿ ಇದ್ದದ್ದೊಂದು; ಹೆಬ್ಬೆಟ್ಟು ಮಾತ್ರ ಅಜ್ಜನದು. ನಾಲ್ಕಕ್ಷರ ಕಲಿತ ನಾವು ಈಗ ಅದೇ ಜಾಗದಲ್ಲಿ ಕೂತೆವಾ? ದಿನಾ ಫೋನಿನಲ್ಲಿ ‘ನಾವು ದಲಿತರು’ ಎಂದು ಬರೆಯುತ್ತೇವಲ್ಲ, ಆ ‘ನಾವು’ ಒಳಗೆ ಅವ್ವ ಎಲ್ಲಿ?

ಒಂದು ಸಂಜೆ ಆ ದೂರನ್ನು ಕನ್ನಡ ಮಾಡಿ ಅವಳ ಮುಂದೆ ಓದಿದೆವು. ಅರ್ಧಕ್ಕೇ ನಿಲ್ಲಿಸಿ, “ಇದು ಯಾರದು?” ಅಂದಳು.