ಔಷಧದ ಅಂಗಡಿಯವನೂ ರೋಗಿಯೂ

ಒಬ್ಬನು ನಮ್ಮನ್ನು ನಂಬಿ ಬಂದು, ನಮಗೆ ಅಧಿಕಾರವಿಲ್ಲದ ಕೆಲಸವೊಂದನ್ನು ಮಾಡಿಕೊಡಿರೆಂದು ಕೇಳಿದರೆ, ಮಾಡಿಕೊಡುವುದು ದಯೆಯೋ, ಒಲ್ಲೆನೆನ್ನುವುದು ದಯೆಯೋ? ಈ ಪ್ರಶ್ನೆಯನ್ನು ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ಗಂಗಾವತಿ ಕಾರಟಗಿಗಳ ಸೀಮೆಯ ನಮ್ಮ ಸಿದ್ದಾಪುರದಂಥ ಊರಿನಲ್ಲಿ, ದೀಪ ಹಚ್ಚುವ ಹೊತ್ತಿಗೆ ಔಷಧದ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಅದು ತಾನಾಗಿಯೇ ಎದುರಿಗೆ ಬರುತ್ತದೆ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಂದಿನಿಂದ ಇದು ಭತ್ತದ ಸೀಮೆ. ಕೆಸರಿನಲ್ಲಿ ಹಗಲೆಲ್ಲ ಬಾಗಿ ಸಸಿ ಹಚ್ಚುವ ಹೆಂಗಸರಿಗೆ ಸೊಂಟನೋವು, ಮೊಣಕಾಲುನೋವು. ಬೆಳೆಗೆ ‘ಎಣ್ಣೆ’ ಹೊಡೆಯುವ ಗಂಡಸರಿಗೆ ಕಣ್ಣುರಿ, ತಲೆಸುತ್ತು, ಮೈತುರಿಕೆ. ದವಾಖಾನೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಔಷಧದ ಅಂಗಡಿಗಾದರೋ ಹೊಲದಿಂದ ಮರಳುವಾಗ ಹಾದಿಯಲ್ಲಿಯೇ ನಿಂತು ಹೋಗಬಹುದು. ಅಂಗಡಿಯವನು ಅವರ ಮಾತನ್ನೇ ಆಡುವವನು, ಕೈಯಲ್ಲಿ ಹಣವಿಲ್ಲದ ದಿನ ಉದ್ರಿ ಕೊಡುವವನು. ಆದುದರಿಂದ ಅವರ ದೃಷ್ಟಿಯಲ್ಲಿ ಅವನೇ ವೈದ್ಯ. ಅವನ ‘ಕೈಗುಣ’ವನ್ನು ಹೊಗಳುವವರೂ ಉಂಟು. ಕಾರಖಾನೆಯಲ್ಲಿ ಯಂತ್ರವು ಒತ್ತಿ ಕಳುಹಿಸಿದ ಗುಳಿಗೆಗೆ ಕೊಟ್ಟವನ ಕೈಗುಣವು ಹೇಗೆ ಅಂಟೀತೆಂದು ನಗುವುದು ಸುಲಭ. ನಾನು ನಗಲಾರೆ. ಕೇಳುವವರಿಲ್ಲದ ನೋವನ್ನು ಒಬ್ಬನು ನಿಂತು ಕೇಳಿದರೆ, ಅದಕ್ಕೆ ಜನರು ಏನಾದರೊಂದು ಹೆಸರನ್ನಿಡಬೇಕಷ್ಟೆ.

ಸುಶಿಕ್ಷಿತರ ಮನೆಗಳ ದೃಷ್ಟಿ ಬೇರೆ. ನಮಗೆ ಅವನು ವರ್ತಕ. ಬೆಲ್ಲ ತರಲು ಹುಡುಗನನ್ನು ಕಳುಹಿಸುವಂತೆಯೇ ಬರಿದಾದ ಗುಳಿಗೆಯ ಪಟ್ಟಿಯನ್ನು ಕೊಟ್ಟು ಕಳುಹಿಸುತ್ತೇವೆ; ನೂರಕ್ಕೆ ಎಷ್ಟು ಬಿಡುತ್ತಾನೆಂದು ವಿಚಾರಿಸುತ್ತೇವೆ. ಗೋಡೆಯ ಮೇಲೆ ತೂಗುಹಾಕಿದ ನೋಂದಣಿಪತ್ರವು ಎದುರಿಗೆ ನಿಂತವನದೋ ಬೇರೊಬ್ಬನದೋ ಎಂದು ಕೇಳಿದವರನ್ನು ನಾನು ಕಂಡಿಲ್ಲ, ನಾನೂ ಕೇಳಿಲ್ಲ.

ಅವನು ವೈದ್ಯನೂ ಅಲ್ಲ, ಬರಿಯ ವರ್ತಕನೂ ಅಲ್ಲ. ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತಾನೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಅಲ್ಲಿ ಔಷಧವುಂಟು, ಔಷಧವನ್ನು ಮಾರುವ ಬೇರೊಬ್ಬನಿಲ್ಲ. ಬೇರು ಕಿತ್ತು ತಂದು ಅರೆದುಕೊಡುವವನೂ ನಾಡಿ ಹಿಡಿಯುವವನೂ ಒಬ್ಬನೇ ಆಗಿದ್ದ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆಯಿತು. ದಕ್ಷಿಣ ಇಟಲಿಯನ್ನಾಳಿದ ಎರಡನೆಯ ಫ್ರೆಡರಿಕ್ ಚಕ್ರವರ್ತಿಯು 13ನೆಯ ಶತಮಾನದಲ್ಲಿಯೇ, ವೈದ್ಯನು ಔಷಧ ಮಾರುವವನೊಡನೆ ಪಾಲುಗಾರಿಕೆ ಮಾಡಕೂಡದೆಂದು ಕಟ್ಟಳೆ ಮಾಡಿದನು. ಔಷಧದ ಲಾಭವು ವೈದ್ಯನ ತೀರ್ಮಾನವನ್ನು ಕೆಡಿಸಬಾರದೆಂಬುದು ಅದರ ಇಂಗಿತ. ಆದರೆ ಒಂದು ಕಡೆಯಿಂದ ತೆಗೆದ ಆ ಲಾಭವು ಮತ್ತೊಂದು ಕಡೆ ಉಳಿದೇ ಉಳಿಯಿತು. ನಮ್ಮ ದೇಶದಲ್ಲಿ 1948ರ ಫಾರ್ಮಸಿ ಕಾಯಿದೆಯು, ವೈದ್ಯನು ಬರೆದ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟನೇ ಕೊಡಬೇಕೆಂದು ವಿಧಿಸಿತು. ಅದನ್ನು ಸೇವಿಸುವ ಕ್ರಮವನ್ನು ರೋಗಿಗೆ ತಿಳಿಯಹೇಳುವುದೂ ಅವನ ಕರ್ತವ್ಯವೆಂದು 2015ರ ನಿಯಮಗಳು ಹೇಳಿದುವು. ಅಂದರೆ ವೈದ್ಯನ ಕೈಗೂ ರೋಗಿಯ ಬಾಯಿಗೂ ನಡುವೆ ಇನ್ನೊಂದು ಜೋಡಿ ಕಣ್ಣು ಇರಲೆಂಬುದೇ ಅವನನ್ನು ಅಲ್ಲಿ ನಿಲ್ಲಿಸಿದುದರ ಅರ್ಥ.

ನಾಟಿಯ ದಿನಗಳ ಒಂದು ಸಂಜೆ ನಾನು ಅಂಥ ಅಂಗಡಿಯೊಂದರಲ್ಲಿ ನಿಂತಿದ್ದೆನು. ನನ್ನ ಮುಂದೆ ಒಬ್ಬ ಮುದುಕಿ.

“ಯಪ್ಪಾ, ಮೊನ್ನೆ ಕೊಟ್ಟಿದ್ದೆಲ್ಲಾ, ಅವೇ ನಾಕು ಗುಳಿಗಿ ಕೊಡು. ನಾಳೆ ಸಸಿ ಹಚ್ಚಾಕ ಹೋಗಬೇಕು.”

ಅಂಗಡಿಯವನು ಆಕೆಯ ಕಾಲುಗಳನ್ನು ನೋಡಿದನು. “ಯವ್ವಾ, ಕಾಲು ಬಾತಾವು, ಮುಖಾನೂ ಬಾತೈತಿ. ಆ ನೋವಿನ ಗುಳಿಗಿ ಬ್ಯಾಡ. ದವಾಖಾನಿಗೆ ಹೋಗಿ ತೋರಿಸು.”

“ನೀನೂ ಹಂಗಂದ್ರ ನಾ ಯಾರ ಹತ್ರ ಹೋಗ್ಲೆಪಾ?” ಎಂದವಳೇ ಹಣವನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಮುಂದಿನ ಅಂಗಡಿಯ ಕಡೆಗೆ ನಡೆದಳು. ಅಲ್ಲಿ ಕೊಟ್ಟರೋ ಇಲ್ಲವೋ ನಾನು ನೋಡಲಿಲ್ಲ.

ಬಳಿಕ ನನ್ನ ಸರದಿ. ನನಗೆ ನೆಗಡಿ, ಗಂಟಲುಕೆರೆತ. ಹಿಂದೊಮ್ಮೆ ತಂದಿದ್ದ ಆಂಟಿಬಯೋಟಿಕ್ ಗುಳಿಗೆಯ ಬರಿದಾದ ಪಟ್ಟಿಯನ್ನು ಮುಂದಿಟ್ಟೆನು. ಅದರ ಬೆನ್ನ ಮೇಲೆ, ವೈದ್ಯನ ಚೀಟಿಯಿಲ್ಲದೆ ಕೊಡಕೂಡದೆಂದು ಸೂಚಿಸುವ ಕೆಂಪು ಗೆರೆ. ಅವನು ಗೆರೆಯನ್ನು ನೋಡಿದನು, ನನ್ನ ಮುಖವನ್ನು ನೋಡಿದನು, “ಎಷ್ಟು ಬೇಕ್ರಿ ಸರ್?” ಎಂದನು. ಐದು ಗುಳಿಗೆ ಕೊಂಡು ಮನೆಗೆ ಬಂದೆನು. ಸಾಮಾನ್ಯ ನೆಗಡಿಯು ವೈರಾಣುವಿನಿಂದ ಬರುವುದೆಂದೂ, ಈ ಗುಳಿಗೆಗಳು ಅದಕ್ಕೆ ನಾಟವೆಂದೂ, ಬೇಕಿಲ್ಲದಲ್ಲಿ ಬಳಸಿದಷ್ಟೂ ರೋಗಾಣುಗಳು ಅವನ್ನು ಗೆಲ್ಲಲು ಕಲಿಯುತ್ತವೆಂದೂ ಓದಿ ಬಲ್ಲವನು ನಾನು. ಮುದುಕಿಗೆ ಆ ಓದಿಲ್ಲ.

ಆ ರಾತ್ರಿ ನನ್ನನ್ನು ಕಾಡಿದುದು ಇಷ್ಟೇ: ಅವನಿಗೆ ಜ್ಞಾನವಿತ್ತು, ಧೈರ್ಯವೂ ಇತ್ತು. ಮೂತ್ರಪಿಂಡ ಕೆಟ್ಟಿರಬಹುದಾದವರಿಗೆ ಆ ನೋವಿನ ಗುಳಿಗೆಗಳು ಕೇಡೆಂದು ತಿಳಿದೇ ಅವನು ಒಂದು ವ್ಯಾಪಾರವನ್ನು ಬಿಟ್ಟುಕೊಟ್ಟನು. ಅದೇ ಜ್ಞಾನ ನನ್ನ ಎದುರಿಗೆ ಏಕೆ ಮೌನವಾಯಿತು? ಕೆಲವು ದಿನಗಳ ಮೇಲೆ ಅವನನ್ನೇ ಕೇಳಿದೆನು. ನಕ್ಕು, “ನಿಮಗ ಹೆಂಗ ಒಲ್ಲೆ ಅನ್ನಾಕ ಬರ್ತೈತ್ರಿ?” ಎಂದನು. ಇದನ್ನು ಮರ್ಯಾದೆಯೆಂದು ತಿಳಿಯಬೇಕೆ? ಮುದುಕಿಯನ್ನು ಅವನು ರೋಗಿಯೆಂದು ಕಂಡನು, ನನ್ನನ್ನು ಗಿರಾಕಿಯೆಂದು. ನಾನು ಅವನನ್ನು ಹಾಗೆಯೇ ಕಂಡಿದ್ದೆನಲ್ಲ.

ಮುದುಕಿಯ ವಿಷಯದಲ್ಲಿಯೂ ಅವನ ಕೆಲಸ ಪೂರ್ಣವಾಯಿತೆಂದು ನಾನು ಹೇಳಲಾರೆ. ‘ಒಲ್ಲೆ’ ಎಂಬ ಮಾತು ಸರಿ. ಆದರೆ ‘ಯಾರ ಹತ್ರ ಹೋಗ್ಲಿ’ ಎಂಬುದಕ್ಕೆ ಅದು ಉತ್ತರವಲ್ಲ. ಆಕೆಯು ನುಂಗಿದ್ದ ಗುಳಿಗೆಯ ಹೆಸರನ್ನೂ ಬಾವಿನ ಸಂಗತಿಯನ್ನೂ ಒಂದು ಕಾಗದದ ಚೂರಿನಲ್ಲಿ ಬರೆದುಕೊಟ್ಟು, ಇದನ್ನು ವೈದ್ಯನಿಗೆ ತೋರಿಸೆಂದು, ದವಾಖಾನೆಗೆ ಎಷ್ಟು ಹೊತ್ತಿಗೆ ಹೋಗಬೇಕೆಂದು ಹೇಳಿದ್ದರೆ, ಆಕೆಯು ಮುಂದಿನ ಅಂಗಡಿಗೆ ಹೋಗದಿರುತ್ತಿದ್ದಳೋ ಏನೋ. ಅಷ್ಟು ಮಾತಿಗೆ ಅವನಿಗೆ ಬಿಡುವೆಲ್ಲಿ? ಹಿಂದೆ ಏಳೆಂಟು ಜನ ಕೈಚಾಚಿ ನಿಂತಿದ್ದರು. ಮಾತಿಗೆ ಹಣವಿಲ್ಲ, ಗುಳಿಗೆಗೆ ಉಂಟು. ಕೊಟ್ಟರೆ ಮಾತ್ರ ಉಣ್ಣುವವನಿಂದ ಕೊಡದಿರುವ ಧರ್ಮವನ್ನು ನಾವು ಬಯಸುತ್ತೇವೆ. ಕೊಡದಿದ್ದ ದಿನ ಅವನನ್ನು ಬಿಟ್ಟು ಬೇರೆ ಅಂಗಡಿಗೆ ಹೋಗುತ್ತೇವೆ. ಕಾಯಿದೆಯು ಅವನನ್ನು ಶಿಕ್ಷಿಸಬಲ್ಲುದು. ಆದರೆ ನಿರಾಕರಿಸಿದ ದಿನದ ನಷ್ಟವನ್ನು ತುಂಬಿಕೊಡುವವರು ಯಾರು?

ನನ್ನ ನೆಗಡಿ ನಾಲ್ಕು ದಿನದಲ್ಲಿ ತಾನಾಗಿ ಇಳಿಯಿತು. ಐದು ಗುಳಿಗೆಗಳೂ ಮೇಜಿನ ಒಳಪೆಟ್ಟಿಗೆಯಲ್ಲಿ ಹಾಗೆಯೇ ಇವೆ. ಮುದುಕಿಯನ್ನು ನಾನು ಮತ್ತೆ ಕಂಡಿಲ್ಲ, ಅಂಗಡಿಯವನೂ ಕಂಡಿಲ್ಲವಂತೆ.