ವಂಶಾವಳಿಯ ಒಂದು ಸಾಲು

ಹಿರಿಯರ ವಿಷಯದಲ್ಲಿ ನಿಜವನ್ನೇ ಹೇಳಬೇಕೆ, ಅಥವಾ ಮನೆತನದ ಮಾನ ಕಾಯಲು ಒಂದಿಷ್ಟು ಮರೆಸಿದರೆ ತಪ್ಪಿಲ್ಲವೆ? ಈ ಪ್ರಶ್ನೆ ನನಗೆ ಎದುರಾದುದು ನೀತಿಶಾಸ್ತ್ರದ ಪುಸ್ತಕದಲ್ಲಲ್ಲ; ಕಲಘಟಗಿ ತಾಲೂಕಿನ ಒಂದು ರೈತರ ಮನೆಯ ಪಡಸಾಲೆಯಲ್ಲಿ.

ಸುಗ್ಗಿ ಮುಗಿದ ಮೇಲೆ ಆ ಮನೆಗೆ ಹೆಳವರು ಬಂದಿದ್ದರು. ಪೇಟೆಯ ಓದುಗರಲ್ಲಿ ಎಷ್ಟೋ ಮಂದಿ ಹೆಳವರನ್ನು ಕಂಡಿರಲಾರರು. ಉತ್ತರ ಕರ್ನಾಟಕದ ಒಕ್ಕಲು ಮನೆಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಅವರು. ಹಿಂದೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರೂರು ತಿರುಗುತ್ತಿದ್ದರು. ಇಂತಿಂಥ ಮನೆಗಳು ಇಂತಿಂಥ ಹೆಳವರಿಗೆ ಸೇರಿದವೆಂಬ ಕಟ್ಟು ಉಂಟು. ಕೆಲವು ವರ್ಷಗಳಿಗೊಮ್ಮೆ ಬಂದು, ಹಿರಿಯರ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತದ ಫ್ರೆಂಚ್ ರೈತನು ತನ್ನ ಮೂಲಪುರುಷನನ್ನು ಅರಸಬೇಕಾದರೆ ಚರ್ಚಿನ ದಫ್ತರ ನೋಡುತ್ತಾನೆ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ೧೭ನೆಯ ಶತಮಾನದಿಂದಲೂ ಪಾದ್ರಿಗಳು ಅಲ್ಲಿ ಬರೆದಿಟ್ಟಿದ್ದಾರೆ. ಇವುಗಳ ಆಧಾರದಿಂದ ತಾಂಗೇ ಎಂಬ ಪಾದ್ರಿಯು ೧೮೭೧ರಿಂದ ೧೮೯೦ರೊಳಗೆ ಏಳು ಸಂಪುಟಗಳ ವಂಶಕೋಶವನ್ನೇ ಪ್ರಕಟಿಸಿದನು. ನಮ್ಮ ರೈತನಿಗೆ ಹೆಳವನೇ ದಫ್ತರ.

ಮನೆಯ ಯಜಮಾನರು ನನ್ನ ಪರಿಚಯದವರು. ಮಗಳಿಗೆ ಒಂದು ನೆಂಟಸ್ತಿಕೆ ಕೂಡಿಬರುವಂತಿತ್ತು. ಬೀಗರಾಗುವವರಿಗೆ ತೋರಿಸಲು ವಂಶಾವಳಿಯ ಶುದ್ಧಪ್ರತಿಯೊಂದು ಬೇಕೆಂದು ನನ್ನನ್ನು ಕರೆಸಿದ್ದರು. ಹೆಳವರು ಓದಿದರು, ನಾನು ಬರೆದುಕೊಂಡೆ. ನಾಲ್ಕನೆಯ ಹೆಸರಿಗೆ ಬಂದಾಗ ಅವರು ಓದಿದ್ದು ಇಷ್ಟು: ಧಾತು ಸಂವತ್ಸರದ ಬರದಲ್ಲಿ ಕಲಾದಗಿ ಸೀಮೆಯಿಂದ ಹೆಂಡತಿ ಮಕ್ಕಳೊಡನೆ ಬರಿಗೈಯಲ್ಲಿ ಬಂದವನು, ಪರರ ದನದ ಮನೆಯಲ್ಲಿ ಮಲಗಿ ಜೀತಕ್ಕೆ ದುಡಿದವನು.

ಯಜಮಾನರ ಮುಖ ಕಂದಿತು. "ಸರ, ಇದೊಂದು ಸಾಲು ಬಿಟ್ಟು ಬರೀರಿ. ಬೀಗರು ಓದತಾರ," ಎಂದರು.

ನನ್ನ ಲೇಖನಿ ನಿಂತಿತು. ಬಿಟ್ಟರೆ ಯಾರಿಗೆ ನಷ್ಟ? ಸತ್ತವನು ಆಕ್ಷೇಪಿಸಲಾರ. ಬದುಕಿರುವ ಹೆಣ್ಣುಮಗಳ ಮದುವೆ ಸಲೀಸಾದೀತು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಆದರೆ ಜಿಲ್ಲೆಯ ಇನ್ನೊಂದು ಅಂಚಿನಲ್ಲಿರುವ ಅಣ್ಣಿಗೇರಿ ನನಗೆ ನೆನಪಾಯಿತು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಆ ಊರಿನ ಮನೆತನದವಳು. ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ಯಜ್ಞಗಳನ್ನು ಮಾಡಿದ ಪೂರ್ವಿಕ ಮಾಧವ ಸೋಮಯಾಜಿಯನ್ನೂ ಹೆಸರಿಸುತ್ತಾನೆ, ಜೈನಧರ್ಮವನ್ನು ಸ್ವೀಕರಿಸಿದ ತಂದೆಯನ್ನೂ ಹೆಸರಿಸುತ್ತಾನೆ. ಒಂದನ್ನು ಮುಚ್ಚಿ ಇನ್ನೊಂದನ್ನು ಮೆರೆಸುವುದಿಲ್ಲ. ತಾಯಿಯ ಹೆಸರು ಮಾತ್ರ ನಮಗೆ ದೊರೆತದ್ದು, ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಬರೆಸಿದ ಶಾಸನದಿಂದ. ಯಾರೋ ಒಂದು ಸಾಲನ್ನು ಬಿಡದೆ ಬರೆಸಿದ್ದರಿಂದ ಆ ತಾಯಿ ನಮಗೆ ಉಳಿದಳು.

೧೮೭೬ರಿಂದ ೧೮೭೮ರವರೆಗಿನ ಆ ಬರ ಕಲಾದಗಿ ಸೀಮೆಯನ್ನು ಹಾಳುಗೆಡವಿತ್ತು. ಅಲ್ಲಿಂದ ಮಳೆ ಬೆಳೆ ಇರುವ ಈ ಮಲೆನಾಡಿನ ಸೆರಗಿಗೆ ಮಕ್ಕಳನ್ನು ಜೀವಂತವಾಗಿ ನಡೆಸಿಕೊಂಡು ಬಂದವನ ಸಾಹಸವೆಲ್ಲ ಇದ್ದುದು ಆ ಒಂದೇ ಸಾಲಿನಲ್ಲಿ. ಅವನ ಹಸಿವನ್ನು ಕಳಂಕವೆಂದು ಒಪ್ಪಿಕೊಂಡರೆ, ಇಂದು ಕೂಲಿ ಅರಸಿ ಊರಿಗೆ ಬರುವವನನ್ನು ಯಾವ ಕಣ್ಣಿನಿಂದ ನೋಡುತ್ತೇವೆ?

ಇದನ್ನೆಲ್ಲ ನಾನು ಹೇಳಬೇಕೆನ್ನುವಷ್ಟರಲ್ಲಿ ಯಜಮಾನರ ತಾಯಿ ಹೊಸ್ತಿಲಿಗೆ ಬಂದರು. "ಹಸಗೊಂಡು ಬಂದದ್ದಕ್ಕ ನಾಚಿಕಿ ಯಾಕೋ ತಮ್ಮಾ? ಅವತ್ತ ಅವಗ ರೊಟ್ಟಿ ಕೊಟ್ಟವ್ರು ಯಾರು, ಅದನ್ನ ಕೇಳು," ಎಂದರು.

ಹೆಳವರು ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ಆ ಹೆಸರು ಅಲ್ಲಿರಲಿಲ್ಲ. ಹುಟ್ಟಿದವರ ಹೆಸರನ್ನು ಬರೆಯುವುದು ಅವರ ವೃತ್ತಿ. ಅನ್ನವಿಟ್ಟವರ ಹೆಸರು ಅದರಲ್ಲಿ ಸೇರುವುದಿಲ್ಲ.

ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ಬರೀರಿ," ಎಂದರು. ಬರೆದೆ.

ಆ ಮಾತು ಅವರ ಬಾಯಿಂದಲೇ ಬಂದದ್ದು ಒಳ್ಳೆಯದಾಯಿತು. ನಿಜ ಬರೆಯುವವನು ಅದರ ಬೆಲೆಯನ್ನು ತಾನು ತೆರುವುದಿಲ್ಲ. ತೆರಬೇಕಾದವರು ಆ ಮನೆಯವರು. ಎಲ್ಲರಿಗಿಂತ ಹೆಚ್ಚಾಗಿ ತೆರಬೇಕಾದವಳು ಆ ಹುಡುಗಿ. ಅವಳ ಮನಸ್ಸೇನೆಂದು ಅಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.