ಜಡ್ಡು ಕಾಣದ ಹಾನಿಗೆ ಹೊಣೆ ಯಾರು?



ಕಳೆದ ಅಮಾವಾಸ್ಯೆಯ ದಾಸೋಹ ಮುಗಿದ ಮೇಲೆ ಅಡತಿ ವ್ಯಾಪಾರದ ಹಿರಿಯರೊಬ್ಬರು ನಮ್ಮ ಕಚೇರಿಯ ಜಮಖಾನೆಯ ಮೇಲೆ ಬಂದು ಕುಳಿತರು. ತಮ್ಮೂರ ಹಳ್ಳದ ನೀರಿನಿಂದ ಆರಂಭವಾದ ಮಾತು ಒಂದು ಪ್ರಶ್ನೆಗೆ ಬಂದು ನಿಂತಿತು. "ಸೆಕ್ರೆಟ್ರಿ ಸಾಹೇಬ್ರ, ಯಾರಿಗೂ ಜಡ್ಡು ಬಂದಿಲ್ಲ, ಯಾರೂ ಸತ್ತಿಲ್ಲ. ಹಂಗಿದ್ದಮ್ಯಾಲ ನೀರು ಕೆಡಿಸಿದಾಂವಂದು ತಪ್ಪು ಅನ್ನೂದು ಹ್ಯಾಂಗ್ರಿ?" ನಾವು ಆ ಹೊತ್ತಿಗೆ ಉತ್ತರ ಕೊಡಲಾಗದೆ ಚಹಾ ತರಿಸಿದೆವು. ಉತ್ತರ ಹುಡುಕುತ್ತ ಹೋದದ್ದು ಬಹಳ ದೂರಕ್ಕೆ.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ, ಓಹಾಯೋ ನದಿಯ ದಂಡೆಗೆ ಪಾರ್ಕರ್ಸ್‌ಬರ್ಗ್ ಎಂಬ ಊರಿದೆ. ಅದರ ಸಮೀಪದ ಡ್ಯುಪಾಂಟ್ ಕಂಪನಿಯ ಕಾರ್ಖಾನೆಯು 1951ರಿಂದ ಟೆಫ್ಲಾನ್ ತಯಾರಿಕೆಯಲ್ಲಿ ಪಿಎಫ್‌ಒಎ ಎಂಬ ರಾಸಾಯನಿಕವನ್ನು ಬಳಸುತ್ತಿತ್ತು. ಈ ರಾಸಾಯನಿಕ ಮಣ್ಣಿನಲ್ಲಿ ಕೊಳೆಯುವುದಿಲ್ಲ, ನೀರು ಕುದಿಸಿದರೆ ಹೋಗುವುದಿಲ್ಲ. ದೇಹದೊಳಗೆ ಸೇರಿದ್ದು ಅರ್ಧಕ್ಕಿಳಿಯಲು ಎರಡರಿಂದ ನಾಲ್ಕು ವರ್ಷ ಬೇಕು. ಕಾರ್ಖಾನೆಯ ಕಸ ಹೂಳಿದ ಜಾಗದಿಂದ ಹರಿದು ಬಂದ ಹಳ್ಳದ ನೀರು ಕುಡಿದು ತನ್ನ ದನಗಳು ಸಾಯುತ್ತಿವೆಯೆಂದು ಒಬ್ಬ ರೈತ 1999ರಲ್ಲಿ ಕೋರ್ಟು ಹತ್ತಿದ. ಅವನ ವಕೀಲ ರಾಬರ್ಟ್ ಬಿಲಾಟ್ ಅಲ್ಲಿಯವರೆಗೆ ರಾಸಾಯನಿಕ ಕಂಪನಿಗಳ ಪರವಾಗಿಯೇ ವಾದಿಸುತ್ತಿದ್ದವರು. ಅವರು ಬಿಚ್ಚಿದ ಕಡತಗಳಿಂದ, ಸುತ್ತಲಿನ ನಲ್ಲಿ ನೀರಿನಲ್ಲಿ ಈ ವಸ್ತು ಇರುವುದು ಕಂಪನಿಗೆ 1984ರಲ್ಲೇ ತಿಳಿದಿತ್ತೆಂಬುದು ಹೊರಬಿತ್ತು. ಊರವರು ಅದೇ ನೀರು ಕುಡಿಯುತ್ತಲೇ ಇದ್ದರು.

ಆಮೇಲಿನ ರಾಜಿಯ ಫಲವಾಗಿ 2005-06ರಲ್ಲಿ ಸುಮಾರು 69,000 ಜನರ ರಕ್ತ ಪರೀಕ್ಷೆಯಾಯಿತು. ಮೂತ್ರಪಿಂಡದ ಕ್ಯಾನ್ಸರ್, ಥೈರಾಯ್ಡ್ ಮೊದಲಾದ ಆರು ರೋಗಗಳಿಗೂ ಈ ನೀರಿಗೂ ಸಂಬಂಧವಿರುವ ಸಂಭವವನ್ನು ತಜ್ಞರ ಮಂಡಳಿ 2012ರ ವೇಳೆಗೆ ಒಪ್ಪಿತು. 2017ರಲ್ಲಿ ಸುಮಾರು 67 ಕೋಟಿ ಡಾಲರ್ ಪರಿಹಾರ ನಿಗದಿಯಾಯಿತು. ರೋಗ ಬಂದವರ ಲೆಕ್ಕ ಹೀಗೆ ಹೇಗೋ ಕಿರ್ದಿಗೆ ಏರಿತು. ನಮ್ಮ ಹಿರಿಯರ ಪ್ರಶ್ನೆ ಇರುವುದು ಉಳಿದವರ ಬಗ್ಗೆ.

ಅದೇ ಸೀಮೆಯ 411 ವಯಸ್ಕರಿಗೆ 2010ರ ಚಳಿಗಾಲದ ಹಂಗಾಮಿನ ಫ್ಲೂ ಲಸಿಕೆ ಹಾಕಿ, ಮೊದಲು ಮತ್ತು ನಂತರ ರಕ್ತ ನೋಡಿದರು. ಲಸಿಕೆಯೆಂದರೆ ಕಳ್ಳನ ಚಹರೆಯನ್ನು ಕಾವಲುಗಾರನಿಗೆ ಮೊದಲೇ ತೋರಿಸಿಡುವ ಕ್ರಮ. ದೇಹವು ಅದನ್ನು ನೋಡಿ ಪ್ರತಿಕಾಯಗಳನ್ನು ಸಿದ್ಧಮಾಡಿಕೊಳ್ಳುತ್ತದೆ. ಯಾರ ರಕ್ತದಲ್ಲಿ ಪಿಎಫ್‌ಒಎ ಹೆಚ್ಚಿತ್ತೋ ಅವರಲ್ಲಿ, ಒಂದು ಬಗೆಯ ಫ್ಲೂ ವೈರಾಣುವಿಗೆ ಪ್ರತಿಕಾಯಗಳು ಏರಬೇಕಾದಷ್ಟು ಏರಲಿಲ್ಲ. ವಿಚಿತ್ರವೆಂದರೆ, ಅವರಿಗೆ ನೆಗಡಿ-ಫ್ಲೂ ಹೆಚ್ಚಾಗಿ ಬಂದದ್ದೇನೂ ಅವರ ಹೇಳಿಕೆಗಳಲ್ಲಿ ಕಾಣಲಿಲ್ಲ. ಇನ್ನೊಂದು ಅಧ್ಯಯನ ಉತ್ತರ ಅಟ್ಲಾಂಟಿಕ್‌ನ ಫ್ಯಾರೋ ದ್ವೀಪಗಳ ಮಕ್ಕಳದು, 2012ರಲ್ಲಿ ಪ್ರಕಟವಾದದ್ದು. ಅಲ್ಲಿ ಈ ಜಾತಿಯ ವಸ್ತುಗಳು ಒಡಲು ಸೇರುವುದು ಮುಖ್ಯವಾಗಿ ಸಮುದ್ರದ ಆಹಾರದಿಂದ. ಐದನೆಯ ವಯಸ್ಸಿನಲ್ಲಿ ರಕ್ತದಲ್ಲಿ ಈ ವಸ್ತುಗಳು ಎರಡು ಪಟ್ಟಿದ್ದ ಮಕ್ಕಳಲ್ಲಿ, ಏಳನೆಯ ವಯಸ್ಸಿಗೆ ಧನುರ್ವಾಯು ಮತ್ತು ಗಂಟಲಮಾರಿಯ ಪ್ರತಿಕಾಯಗಳು ಹೆಚ್ಚುಕಡಿಮೆ ಅರ್ಧದಷ್ಟೇ ಇದ್ದವು.

ಈಗ ಪ್ರಶ್ನೆಗೆ ಬರೋಣ. ಆ ಓಹಾಯೋ ದಂಡೆಯ ಮನುಷ್ಯನಿಗೆ ಫ್ಲೂ ಬಂದಿಲ್ಲ. ಅವನಿಗೆ ಹಾನಿಯಾಯಿತೇ, ಇಲ್ಲವೇ?

ವ್ಯಾಪಾರಸ್ಥ ಭಕ್ತರು ಹೀಗೆ ಯೋಚಿಸಬೇಕು. ನಿಮ್ಮ ಗೋದಾಮಿನ ಕೀಲಿಯನ್ನು ಯಾರೋ ರಾತ್ರಿ ಅರದಿಂದ ತಿಕ್ಕಿ ಸಡಿಲ ಮಾಡಿ ಹೋಗಿದ್ದಾರೆ. ಕಳ್ಳ ಇನ್ನೂ ಬಂದಿಲ್ಲ, ಒಂದು ಚೀಲ ಜೋಳವೂ ಕಡಿಮೆಯಾಗಿಲ್ಲ. ಆದರೂ ನೀವು ಆ ಮನುಷ್ಯನನ್ನು ಸುಮ್ಮನೆ ಬಿಡುವಿರಾ? ನಾವು ಬಿ.ಕಾಂ. ಓದುವಾಗ ಕಲಿತದ್ದೊಂದುಂಟು: ಇನ್ನೂ ಕೈಯಿಂದ ಹೋಗದಿದ್ದರೂ ಹೋಗಬಹುದಾದ ಹಣವನ್ನು ಅಢಾವೆ ಪತ್ರಿಕೆಯ ಕೆಳಗೆ ಟಿಪ್ಪಣಿಯಾಗಿ ಬರೆಯಲೇಬೇಕು, ಮುಚ್ಚಿಟ್ಟರೆ ಅದು ಖೊಟ್ಟಿ ಲೆಕ್ಕ. ಕಂಪನಿ ಮಾಡಿದ್ದು ಇದಕ್ಕಿಂತ ಕೆಟ್ಟದ್ದೆಂದು ನಮಗೆ ತೋರುತ್ತದೆ. ಲಾಭವನ್ನು ತನ್ನ ಖಾತೆಗೆ ಜಮಾ ಮಾಡಿಕೊಂಡು, ಹೊಣೆಯನ್ನು ಪಕ್ಕದ ಊರಿನವರ ರಕ್ತದಲ್ಲಿ ಖರ್ಚು ಬರೆಯಿತು. ಅವರಿಗೆ ತಮ್ಮ ಹೆಸರಿನಲ್ಲಿ ಖಾತೆ ತೆರೆದದ್ದೇ ಗೊತ್ತಿರಲಿಲ್ಲ. ಮೇಲಾಗಿ, ಲಸಿಕೆಯ ರಕ್ಷಣೆ ಒಬ್ಬನದೇ ಸ್ವತ್ತಲ್ಲ. ಹತ್ತು ಜನರಲ್ಲಿ ಅದು ಗಟ್ಟಿಯಾಗಿದ್ದರೆ ಎಷ್ಟೋ ರೋಗಗಳು ಹನ್ನೊಂದನೆಯವನ ಮನೆಗೂ ಹೋಗಲು ತಡಮಾಡುತ್ತವೆ.

"ಪೂರ್ಣ ಪುರಾವೆ ಎಲ್ಲಿದೆ?" ಎಂದು ಕೇಳುವವರಿದ್ದಾರೆ. ಪುರಾವೆ ಪೂರ್ಣವಲ್ಲ, ನಿಜ. ಆದರೆ ತಕ್ಕಡಿಯ ಮೇಲೆ ಸಂಶಯ ಬಂದರೆ ಮುದ್ರೆ ತೋರಿಸಬೇಕಾದವನು ಅಂಗಡಿಕಾರನೋ ಗಿರಾಕಿಯೋ? ಅಮೆರಿಕ ಸರ್ಕಾರದ ವಿಷವಿಜ್ಞಾನ ಸಂಸ್ಥೆ 2016ರಲ್ಲಿ ಈ ವಸ್ತುವನ್ನು ಮನುಷ್ಯರ ರೋಗನಿರೋಧಕ ಶಕ್ತಿಗೆ ಅಪಾಯಕಾರಿಯೆಂದೇ ಭಾವಿಸಬೇಕೆಂದಿತು. 2024ರಲ್ಲಿ ಅಲ್ಲಿ ಕುಡಿಯುವ ನೀರಿಗೆ ನಿಗದಿಯಾದ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು.

ಇಷ್ಟು ಕೇಳಿ "ಹಾಗಾದರೆ ಲಸಿಕೆಯೇ ವ್ಯರ್ಥ" ಎಂದು ಯಾರೂ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು. ಕೀಲಿ ಸಡಿಲವಾಯಿತೆಂದು ಯಾರೂ ಬಾಗಿಲನ್ನೇ ಕಿತ್ತು ಹಾಕುವುದಿಲ್ಲ. ಕಡಿಮೆ ಪ್ರತಿಕಾಯವೂ ಇಲ್ಲದ್ದಕ್ಕಿಂತ ಮೇಲು.

ನಮ್ಮ ಕೈಯೂ ತೊಳೆದಷ್ಟು ಚೊಕ್ಕಟವಲ್ಲ. ನಮ್ಮ ಮನೆಯಲ್ಲೂ ಒಂದು ನಾನ್‌ಸ್ಟಿಕ್ ತವಾ ಇದೆ; ದೋಸೆ ಚೆನ್ನಾಗಿ ಏಳುತ್ತದೆಂದು ಮೆಚ್ಚಿಕೊಂಡದ್ದೂ ಉಂಟು. ಔಷಧಿ ಹೊಡೆದ ಪಂಪನ್ನು ಹಳ್ಳದಲ್ಲೇ ಜಾಲಾಡಿಸಿ ಬರುವ ರೈತ ಬಂಧುಗಳೂ ನಮ್ಮಲ್ಲಿದ್ದಾರೆ. ಅದರ ಪರಿಣಾಮ ಬೇರೆಯೇ ಇರಬಹುದು. ಆದರೆ "ಏನೂ ಆಗಿಲ್ಲವಲ್ಲ" ಎಂಬ ಸಮಾಧಾನ ಮಾತ್ರ ಪಾರ್ಕರ್ಸ್‌ಬರ್ಗಿನದೇ.

ಇದನ್ನು ಬರೆಯುವಾಗ ಮಠದ ಕೊಳವೆಬಾವಿಯ ನೀರಿನ ವರದಿಯನ್ನು ಕಪಾಟಿನಿಂದ ತೆಗೆದು ನೋಡಿದೆವು. ಗಡಸುತನ, ಫ್ಲೋರೈಡ್, ನೈಟ್ರೇಟ್, ಕ್ರಿಮಿ: ನಾಲ್ಕೂ ಸರಿ, ಕೆಳಗೆ "ಕುಡಿಯಲು ಯೋಗ್ಯ" ಎಂಬ ಷರಾ. ಕೇಳಿದ್ದಕ್ಕೆ ಮಾತ್ರ ಉತ್ತರವಿತ್ತು. ಹಿರಿಯರು ಬರುವ ವಾರ ತಮ್ಮ ಹಳ್ಳದ ನೀರಿನ ಬಾಟಲಿ ಹಿಡಿದು ಸೋಲಾಪುರಕ್ಕೆ ಹೊರಟಿದ್ದಾರೆ. ಏನೇನು ಪರೀಕ್ಷೆ ಮಾಡಿಸಬೇಕೆಂಬ ಯಾದಿ ಬರೆದುಕೊಡಲು ನಮ್ಮನ್ನು ಕೇಳಿದ್ದಾರೆ.